ನನ್ನ ಹೆಂಡತಿ ಬಸ್ ಇಟ್ಟಿಲ್ಲ ಎಂಬುದರ ಕುರಿತು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹೆಂಡತಿ ಬಸ್ ಇಟ್ಟಿಲ್ಲ. ಮನೆಯಲ್ಲಿರುವುದು ಒಂದು ಹಳೆಯ ಸ್ಕೂಟರ್, ಅದೂ ಏರು ಬಂದರೆ ನಮ್ಮಲ್ಲೊಬ್ಬರನ್ನು ಇಳಿಸುತ್ತದೆ. ಹೀಗಿರುವಾಗ ಕಳೆದ ವಾರ ತಮ್ಮ ಕಚೇರಿಯಿಂದ ನರ್ಸ್ ಕುಮುದಾ ಅವರಿಗೆ, ಅಂದರೆ ನನ್ನ ಹೆಂಡತಿಗೆ, ಒಂದು ನೋಟಿಸು ಬಂದಿದೆ. "ಸದರಿ ನೌಕರರು 'ಸಂಜೆ ಬಸ್' ಎಂಬ ವಾಟ್ಸ್ಆ್ಯಪ್ ಗುಂಪಿನ ಮೂಲಕ ಸಾಗರ–ತೀರ್ಥಹಳ್ಳಿ ಮಾರ್ಗದಲ್ಲಿ ಅನಧಿಕೃತವಾಗಿ ಪ್ರಯಾಣಿಕರ ವಾಹನ ನಡೆಸುತ್ತಿರುವುದಾಗಿ ದೂರು ಬಂದಿದ್ದು, ಗುಂಪನ್ನು ತಕ್ಷಣ ರದ್ದುಪಡಿಸಿ, ಏಳು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು." ದೂರಿನ ಜೊತೆಗೆ ಸಾಕ್ಷಿಯಾಗಿ ಒಂದು ಸ್ಕ್ರೀನ್‌ಶಾಟ್: "ನಾಳೆ ಐದಕ್ಕೆ ಬಸ್. ಟೀಚರ್‌ಗೆ ಕಿಟಕಿ ಸೀಟು."

ಸಮಜಾಯಿಷಿಯನ್ನು ಆಕೆ ಕೊಟ್ಟಾಗಿದೆ, ಎರಡು ಸಾಲಿನಲ್ಲಿ, ವಿನಯದಿಂದ. ಸರ್ಕಾರಿ ನೌಕರರು ಪತ್ರಿಕೆಗೆ ಬರೆಯುವಂತಿಲ್ಲವಂತೆ. ನೌಕರರ ಗಂಡಂದಿರು ಬರೆಯಬಾರದೆಂದು ಯಾವ ನಿಯಮದಲ್ಲೂ ನನಗೆ ಕಾಣಲಿಲ್ಲ. ಸಾಗರದಲ್ಲಿ ಇಪ್ಪತ್ತು ವರ್ಷದಿಂದ ಕ್ರಯಪತ್ರ, ಅರ್ಜಿ, ಅಫಿಡವಿಟ್ಟು ಬರೆದು ಬದುಕುವವನು ನಾನು. ಆದ್ದರಿಂದ ಆ ಬಸ್ಸಿನ ಪೂರ್ತಿ ವೃತ್ತಾಂತವನ್ನು ನಾನೇ ಸಲ್ಲಿಸುತ್ತೇನೆ.

ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳು, ಕೊರೋನದ ಎರಡನೇ ಅಲೆ. ಕುಮುದಾಳನ್ನು ತೀರ್ಥಹಳ್ಳಿಯ ಹಾಸ್ಟೆಲೊಂದರಲ್ಲಿ ತೆರೆದಿದ್ದ ಕೋವಿಡ್ ಕೇಂದ್ರಕ್ಕೆ ನಿಯೋಜಿಸಿದರು. ಕೆಲಸ ಅಲ್ಲೇ, ವಾಸ ಅಲ್ಲೇ, ಮನೆಗೆ ಹೋಗುವಂತಿಲ್ಲ. ಸಾಗರದಲ್ಲಿ ಉಳಿದವರು ನಾನು, ನನ್ನ ತಾಯಿ ಶೇಷಮ್ಮ, ನಾಲ್ಕು ವರ್ಷದ ಮಗಳು ಗಂಗಾ. ಹದಿನೈದು ದಿನ ಎಂದಿದ್ದರು. ಅದು ಐವತ್ತಮೂರು ದಿನವಾಯಿತು.

ಮೊದಲ ವಿಡಿಯೋ ಕರೆಯಲ್ಲೇ ಎಡವಟ್ಟಾಯಿತು. ಕುಮುದಾ ಡ್ಯೂಟಿಯ ನಡುವೆ ಪಿಪಿಇ ಕಿಟ್ಟಿನಲ್ಲೇ ಕರೆ ಮಾಡಿದಳು. ಬಿಳಿ ಮುಸುಕು, ಮಂಜು ಹಿಡಿದ ಕನ್ನಡಕ, ಎಲ್ಲೋ ಒಳಗಿಂದ ಬರುವ ದನಿ. ಮಗು ಕಿಟಾರನೆ ಕಿರುಚಿ ಅಜ್ಜಿಯ ಸೆರಗಿಗೆ ಬಿದ್ದಳು. ಮಾರನೆಯ ದಿನ ಕಿಟ್ ಇಲ್ಲದೆ ಕರೆ ಮಾಡಿದರೂ ಬರಲೊಲ್ಲಳು. "ಅದ್ರಲ್ಲಿ ಇರೋದು ಅಮ್ಮ ಅಲ್ಲ" ಎಂದು ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. ಅದನ್ನು ಹುಡುಕಲು ನನಗೆ ಅರ್ಧ ದಿನ ಹಿಡಿಯಿತು.

ಆ ದಿನಗಳಲ್ಲಿ ಫೋನನ್ನು ಅಕ್ಕಿಯಲ್ಲಿ ಹೂಳುವುದೇ ಬುದ್ಧಿವಂತಿಕೆ ಎನಿಸುವಂತಿತ್ತು, ಮಾನ್ಯರೇ. ತೆರೆದರೆ ಸಾವಿನ ಸುದ್ದಿ, ಇಲ್ಲವಾದರೆ ಕಷಾಯ. ಮೆಣಸು, ಅಮೃತಬಳ್ಳಿ, ಇನ್ನೂ ಏನೇನೋ ಹಾಕಿದ ಕಷಾಯವೊಂದನ್ನು ನಾನೂ ನಲವತ್ತು ಮಂದಿಗೆ ಕಳಿಸಿದ್ದೆ. ನನ್ನ ತಾಯಿ ಅದನ್ನು ಮಾಡಿ ನನಗೇ ಕುಡಿಸಿದ ಮೇಲೆ ಕಳಿಸುವುದನ್ನು ನಿಲ್ಲಿಸಿದೆ. ಅಂಥವುಗಳಿಗೆ ತಮ್ಮ ಕಚೇರಿ ನೋಟಿಸು ಕೊಟ್ಟ ನೆನಪು ನನಗಿಲ್ಲ.

ಇತ್ತ ಮಗಳು ಮುಖ ತೋರಿಸುತ್ತಿಲ್ಲ, ಅತ್ತ ತಾಯಿ ವಾರ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಾಳೆ. ಅದನ್ನು ಕಂಡವರು ಕಿಟಕಿ ಪಕ್ಕದ ಹಾಸಿಗೆಯಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಕನ್ನಪ್ಪ. ಎಪ್ಪತ್ತು ವರ್ಷ. ಸಾಗರದಿಂದ ತೀರ್ಥಹಳ್ಳಿಗೆ ಮೂವತ್ತೊಂದು ವರ್ಷ ಖಾಸಗಿ ಬಸ್ ಓಡಿಸಿ ನಿವೃತ್ತರಾದವರು.

"ಎಂತಕ್ಕೆ ಅಳ್ತೀಯ ಮಗಾ?" ಎಂದು ಕೇಳಿದರಂತೆ. ಕುಮುದಾ ಹೇಳಿದಳು. ಕನ್ನಪ್ಪ ಮಾಸ್ಕು ಸರಿಸಿ, "ಅಷ್ಟೇಯಾ? ನಿನ್ನ ಮಗಳನ್ನ ನಾನು ಕರ್ಕೊಂಡ್ ಬರ್ತೀನಿ. ನಂಗೆ ಆ ರಸ್ತೆ ಕಣ್ಣು ಮುಚ್ಚಿದ್ರೂ ಗೊತ್ತು" ಎಂದರು.

ಅಂದು ಸಂಜೆ ಐದಕ್ಕೆ ನನ್ನ ಫೋನಿಗೆ ಒಂದು ಧ್ವನಿ ಸಂದೇಶ ಬಂತು. "ಪೋಂ... ಪೋಂ... ಸಾಗರ ಬಸ್ ಸ್ಟ್ಯಾಂಡು! ಗಂಗಮ್ಮೋರು ಇದ್ದಾರಾ? ಹತ್ತಿ, ಹತ್ತಿ. ಬಾಗ್ಲಲ್ಲಿ ನಿಲ್ಬೇಡಿ. ನಿಮ್ಮಮ್ಮ ಇರೋ ಊರಿಗೆ ಹೋಗೋ ಬಸ್ಸು." ಆಮೇಲೆ ಸುಮ್ಮನೆ ಉಸಿರಿನ ಸದ್ದು. ನಂತರ, "ಸ್ವಲ್ಪ ತಡೀರಿ. ಇಂಜಿನ್ ಬಿಸಿಯಾಗಿದೆ, ನೀರು ಹಾಕ್ಬೇಕು."

ಒಂದೇ ಉಸಿರಿಗೆ ಎರಡು ವಾಕ್ಯಕ್ಕಿಂತ ಹೆಚ್ಚು ಆಡಲು ಅವರಿಗೆ ಆಗುತ್ತಿರಲಿಲ್ಲ. ಅದು ನನಗೆ ತಿಳಿಯಿತು, ಮಗುವಿಗೆ ತಿಳಿಯಲಿಲ್ಲ. ಆಕೆ ಓಡಿಹೋಗಿ ಜಗಲಿಯ ಬೆಂಚು ಹತ್ತಿ ಕೂತು, ಅಜ್ಜಿಯನ್ನೂ ಪಕ್ಕಕ್ಕೆ ಕೂರಿಸಿಕೊಂಡು, "ಮಾಮ, ನೀರು ಹಾಕಿ ಆಯ್ತಾ?" ಎಂದು ಫೋನಿಗೆ ಕೂಗಿದಳು. ಐದು ದಿನದ ಮೇಲೆ ಆಕೆ ಫೋನಿಗೆ ಆಡಿದ ಮೊದಲ ಮಾತು ಅದು. ನಾನು ಅದನ್ನು ಹಾಗೇ ಧ್ವನಿ ಸಂದೇಶ ಮಾಡಿ ಕಳಿಸಿದೆ. ವಾರ್ಡಿನಲ್ಲಿ ಅದನ್ನು ಕೇಳಿದ ಕುಮುದಾ ಇನ್ನೊಂದು ಸಲ ಗೋಡೆ ಕಡೆ ತಿರುಗಿದಳಂತೆ.

ಹೀಗೆ ಬಸ್ ಹೊರಟಿತು. ದಿನಕ್ಕೆ ಸ್ವಲ್ಪ ಸ್ವಲ್ಪವೇ. ಕನ್ನಪ್ಪ ಪ್ರತಿ ತಿರುವನ್ನೂ ಬಿಡದೆ ಹೇಳುತ್ತಿದ್ದರು: ಇಲ್ಲಿ ಎಮ್ಮೆ ಅಡ್ಡ ಬಂತು, ಇಲ್ಲೊಬ್ಬರು ಹಲಸಿನ ಹಣ್ಣು ಹಿಡಿದು ಹತ್ತಿದರು, ಬಸ್ಸೆಲ್ಲ ಘಮ. ಮಗಳು ಬೆಂಚಿನ ಮೇಲೆ ಎಡಕ್ಕೆ ಬಲಕ್ಕೆ ವಾಲುತ್ತಿದ್ದಳು. ಪಕ್ಕದ ಹಾಸಿಗೆಗಳವರು ಸುಮ್ಮನಿರುತ್ತಾರೆಯೇ? ಹೊಸನಗರದ ಶಾಲೆಯೊಂದರ ಟೀಚರ್ ಶ್ರೀಗೌರಿ ಒಂದು ಸಂಜೆ, ತಾವೂ ಹತ್ತುವ ಆಸೆಯಿಂದ, ತಮ್ಮ ಮನೆಮಾತಿನಲ್ಲೇ, "ಕನ್ನಪ್ಪಣ್ಣ, ಎಂಗೊ ಹತ್ತಲಕ್ಕಾ?" ಎಂದು ಕೇಳಿದರು. "ಹತ್ತಲಕ್ಕು, ಹತ್ತಲಕ್ಕು! ಆದ್ರೆ ಕಿಟಕಿ ಸೀಟು ಗಂಗಮ್ಮೋರದ್ದು" ಎಂದರು ಡ್ರೈವರು. ಎಲ್ಲರಿಗೂ ಕೇಳಲೆಂದು ಕುಮುದಾ ಅಂದೇ ವಾಟ್ಸ್ಆ್ಯಪ್ ಗುಂಪು ಮಾಡಿದಳು. ತಾವು ಕೇಳಬಹುದು, "ಯಾರ ಅನುಮತಿಯಿಂದ?" ಎಂದು. ನಾಲ್ಕು ವರ್ಷದ ಪ್ರಯಾಣಿಕರೊಬ್ಬರ ಅನುಮತಿಯಿಂದ.

ಡಾಕ್ಟರು ಕನ್ನಪ್ಪನವರಿಗೆ ಉಸಿರಿನ ವ್ಯಾಯಾಮ ಮಾಡಿ ಎಂದರೆ ಅವರು ಒಪ್ಪುತ್ತಿರಲಿಲ್ಲ. ಹಾರನ್ ಹೊಡಿ ಎಂದರೆ ಹೊಡೆಯುತ್ತಿದ್ದರು. ಹಾರನ್ ದಿನದಿನಕ್ಕೂ ಉದ್ದವಾಯಿತು. ಕುಮುದಾ ಗಡಿಯಾರ ಹಿಡಿದು ಎಣಿಸಿ ಕೇಸ್ ಶೀಟಿನ ಅಂಚಿನಲ್ಲಿ ಬರೆದಿಡುತ್ತಿದ್ದಳು. ಇದೂ ನಿಯಮಬಾಹಿರವಿರಬಹುದು, ಬೇಕಾದರೆ ಇನ್ನೊಂದು ನೋಟಿಸು ಕೊಡಿ.

ಹದಿನೇಳನೆಯ ಸಂಜೆ ಬಸ್ ಬರಲಿಲ್ಲ. ಆ ಬೆಳಿಗ್ಗೆ ಉಸಿರಾಟ ಕೆಟ್ಟು, ಕನ್ನಪ್ಪನವರನ್ನು ಆಂಬುಲೆನ್ಸಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಸಾಗಿಸಿದ್ದರು. ಗಂಗಾ ಬೆಂಚಿನ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದಳು. ಐದೂಕಾಲು. ಐದೂವರೆ. ನನ್ನ ತಾಯಿ ನನ್ನ ಮುಖ ನೋಡಿದರು. ದಿನವೂ ಬೇರೆಯವರ ಪರವಾಗಿ ವಾಕ್ಯ ಬರೆಯುವವನಿಗೆ ಮಗಳ ಮುಂದೆ ಒಂದು ವಾಕ್ಯ ಹೊಳೆಯಲಿಲ್ಲ.

ಆಗ ಗುಂಪಿನಲ್ಲಿ ಶ್ರೀಗೌರಿ ಟೀಚರ್ ದನಿ ಬಂತು: "ಪ್ರಯಾಣಿಕರ ಗಮನಕ್ಕೆ. ಬಸ್ ರಿಪ್ಪನ್‌ಪೇಟೆಯಲ್ಲಿ ನಿಂತಿದೆ. ಡ್ರೈವರ್ ಮಾಮನಿಗೆ ಸುಸ್ತು, ಮಲಗಿದ್ದಾರೆ. ಅವರು ಏಳೋವರೆಗೆ ಒಬ್ಬೊಬ್ಬರೇ ಒಂದು ಕಥೆ ಹೇಳ್ಬೇಕು. ಮೊದಲು ನಾನು." ಒಂಬತ್ತು ಸಂಜೆ ಬಸ್ ರಿಪ್ಪನ್‌ಪೇಟೆಯಲ್ಲಿ ನಿಂತಿತ್ತು. ಒಂಬತ್ತು ಸಂಜೆ ಕೆಮ್ಮುತ್ತಲೇ ಆ ವಾರ್ಡಿನವರು ನನ್ನ ಮಗಳಿಗೆ ಕಥೆ ಹೇಳಿದರು. ತಮ್ಮ ಮನೆಯವರಿಂದಲೇ ದೂರವಿದ್ದವರು, ಮುಖ ನೋಡದ ಮಗುವಿಗೆ. ಅವರಲ್ಲಿ ಯಾರೂ ಗಂಗಾಳ ನೆಂಟರಲ್ಲ, ಪರಿಚಯದವರೂ ಅಲ್ಲ.

ಹತ್ತನೆಯ ಸಂಜೆ ಶಿವಮೊಗ್ಗದಿಂದ ಒಂದು ಸಂದೇಶ. ಬಹಳ ಸಣ್ಣ ದನಿ: "ಪೋಂ."

"ಅಪ್ಪಾ, ಹಾರನ್ನಿಗೆ ಜ್ವರ ಬಂದಿದೆ" ಎಂದಳು ಗಂಗಾ. ನಾನು ನಕ್ಕೆ, ನನ್ನ ತಾಯಿ ನಕ್ಕರು, ಆಮೇಲೆ ಇಬ್ಬರೂ ಕಣ್ಣೊರೆಸಿಕೊಂಡೆವು. ಗುಂಪಿನಲ್ಲಂತೂ ಬಂದವರೆಲ್ಲ ಹಾರನ್ ಹೊಡೆದದ್ದೇ ಹೊಡೆದದ್ದು. ವಾರ್ಡಿನ ಗದ್ದಲಕ್ಕೆ ವಾಚ್‌ಮನ್ ಮೇಲೆ ಓಡಿ ಬಂದನಂತೆ.

ಬಸ್ ಮತ್ತೆ ನಿಧಾನವಾಗಿ ಕೋಣಂದೂರು ದಾಟಿ ತೀರ್ಥಹಳ್ಳಿ ಮುಟ್ಟಿತು. ಆ ಸಂಜೆ ಕುಮುದಾ ಹಾಸ್ಟೆಲಿನ ಬಯಲಿಗೆ ಬಂದು, ಒಬ್ಬಳೇ ನಿಂತು, ಮಾಸ್ಕ್ ತೆಗೆದು ವಿಡಿಯೋ ಕರೆ ಮಾಡಿದಳು. ಗಂಗಾ ತುಂಬ ಹೊತ್ತು ದಿಟ್ಟಿಸಿ, "ಅಮ್ಮಾ, ನಿನ್ನ ಮೂಗಿನ ಮೇಲೆ ಗಾಯ" ಎಂದಳು. ಮಾಸ್ಕಿನ ಗೆರೆ ಅದು. ಹೌದು, ಈಗ ಗುರುತು ಸಿಕ್ಕಿತ್ತು. ಐವತ್ತನಾಲ್ಕನೆಯ ದಿನ ಇಲಾಖೆಯ ಜೀಪು ಆಕೆಯನ್ನು ನಮ್ಮ ಬಾಗಿಲಿಗೆ ಇಳಿಸಿದಾಗ ಮಗಳು ತಾಯಿಯನ್ನು ಅಪ್ಪಿಕೊಂಡೇ ಅವಳ ಹೆಗಲ ಮೇಲಿಂದ ಇಣುಕಿ, "ಡ್ರೈವರ್ ಮಾಮ ಎಲ್ಲಿ?" ಎಂದು ಕೇಳಿದಳು!

ಗುಂಪು ಇಂದಿಗೂ ಇದೆ. ನಲವತ್ತಮೂರು ಜನ. ಕನ್ನಪ್ಪನವರು ಈಗಲೂ ವಾರಕ್ಕೊಮ್ಮೆ ಬಸ್ ತೆಗೆಯುತ್ತಾರೆ. ಸದ್ಯ ಅದು ಹುಲಿಕಲ್ ಘಾಟಿ ಇಳಿಯುತ್ತಿದೆ. ಯಾರಿಗೆ ಬಿಪಿ ಮಾತ್ರೆ ಮುಗಿಯಿತು, ಯಾರ ಮನೆಯಲ್ಲಿ ಮಗು ಹುಟ್ಟಿತು, ಎಲ್ಲವೂ ಅಲ್ಲಿ ತಿಳಿಯುತ್ತದೆ. ಇದನ್ನು ವಾಹನ ವ್ಯವಹಾರವೆಂದು ದೂರಿದ ಮಹನೀಯರು ಯಾರೋ ತಿಳಿಯದು. ಅವರಿಗೂ ಒಂದು ಸೀಟು ಕೊಡಲು ಡ್ರೈವರ್ ಒಪ್ಪಿದ್ದಾರೆ.

ನನ್ನ ಬೇಡಿಕೆ ಎರಡೇ. ನೋಟಿಸನ್ನು ಹಿಂಪಡೆಯಿರಿ. ಎರಡನೆಯದು, ಕುಮುದಾಳ ಸೇವಾ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಆಕೆ ತೆಗೆದುಕೊಂಡ ಪ್ರತಿ ರಜೆಯೂ ಅಲ್ಲಿ ನಮೂದಾಗಿದೆ. ಮನೆಗೆ ಬಾರದ ಆ ಐವತ್ತಮೂರು ದಿನಗಳ ಬಗ್ಗೆ ಒಂದು ಅಕ್ಷರವಿಲ್ಲ. ಅಲ್ಲಿ ಬರೆಯಬೇಕಾದ ಸಾಲನ್ನು ನಾನೇ ಸಿದ್ಧಪಡಿಸಿದ್ದೇನೆ: "ಸದರಿ ನೌಕರರಿಗೆ ಈ ಕಚೇರಿ ಕೃತಜ್ಞವಾಗಿದೆ." ಸಹಿಯಷ್ಟೇ ತಮ್ಮದು.

ಈ ಸಾಲು ಬರೆಯುವಾಗ ಪೆನ್ನು ನಿಂತಿತು, ಮಾನ್ಯರೇ. ಆ ಮಾತನ್ನು ನಾನಾದರೂ ಆಕೆಗೆ ಯಾವತ್ತು ಹೇಳಿದ್ದೆ? ಅಂದು ಜೀಪಿನಿಂದ ಇಳಿದವಳಿಗೆ ನಾನು ಹೇಳಿದ್ದು, "ಬಿಸಿನೀರು ಕಾದಿದೆ, ಸ್ನಾನ ಮಾಡು" ಎಂದಷ್ಟೇ. ಆದ್ದರಿಂದ ತಾವು ಸಹಿ ಮಾಡುವ ಮೊದಲು, ಎಲ್ಲರೂ ಓದುವ ಈ ಜಾಗದಲ್ಲಿ ನಾನೇ ಮೊದಲು ಹೇಳಿಬಿಡುತ್ತೇನೆ: ಕುಮುದಾ, ಥ್ಯಾಂಕ್ಸ್ ಕಣೇ.

ಇಂತಿ,
ಅಷ್ಟು ಹೇಳಲು ನಾಲ್ಕು ವರ್ಷ ತಡಮಾಡಿದ
ದುರ್ಗೇಶ್, ಸಾಗರ