ಹಂಪವ್ವತ್ತೆಯ ಗಡಿಗೆಗೆ ಬೇಕಾದ ಒಂದು ‘ಹೌದು’

ನೆರೆದ ಮಹಾಜನರೇ! ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಬೆಂಚಿನ ಗದ್ದಲದವರೇ, ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತ ನಿಂತವರೇ! ಕೈಯಲ್ಲಿರುವುದನ್ನು ಒಂದು ಗಳಿಗೆ ಕೆಳಗಿಡಿ. ಇನ್ನೂರ ಎಂಬತ್ತು ವರ್ಷಗಳ ಆಚೆಯಿಂದ ಒಬ್ಬ ನಟ ನಿಮ್ಮನ್ನು ಕೂಗುತ್ತಿದ್ದಾನೆ.

ಇಂದು ಕ್ರಿಸ್ತಶಕ ಎರಡು ಸಾವಿರದ ಮುನ್ನೂರ ಆರು, ಆರನೆಯ ಬಿಸಿಲುದಿಂಗಳ ನಲವತ್ತೊಂದನೆಯ ದಿನ. ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ ಎಂದು ಬಲ್ಲೆ. ನಿಮ್ಮ ತಿಂಗಳುಗಳು ಮೂವತ್ತೊಂದಕ್ಕೇ ದಣಿದು ಕೂರುತ್ತಿದ್ದವಂತೆ; ನಮ್ಮವು ಬಿಸಿಲು ಇಳಿಯುವ ತನಕ ಮುಗಿಯುವುದಿಲ್ಲ. ನನ್ನ ಮಾತುಗಳು ನಿಮ್ಮ ಕಿವಿಗೆ ಒರಟಾಗಿ ತಾಗಿದರೆ ಕ್ಷಮಿಸಬೇಕು. ಹಳೆಯ ಕನ್ನಡವನ್ನು ನಾನು ಕಲಿತದ್ದು ಕಂಪನಿ ನಾಟಕದ ಹರಿದ ಪ್ರತಿಗಳಿಂದ. ಆದ್ದರಿಂದ ನೀರು ಕೊಡಿ ಎನ್ನುವಾಗಲೂ ನನ್ನ ದನಿ ಯುದ್ಧ ಸಾರಿದಂತಿರುತ್ತದೆ. ಈ ಕಾಗದ ನಿಮ್ಮನ್ನು ಹೇಗೆ ತಲುಪಿತು ಎಂದು ಮಾತ್ರ ಕೇಳಬೇಡಿ. ಪರದೆಯ ಹಿಂದಿನ ಹಗ್ಗವನ್ನು ಪ್ರೇಕ್ಷಕರಿಗೆ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ.

ನನ್ನ ಹೆಸರು ಮುರಿಗೆಪ್ಪ. ಮಲಪ್ರಭೆಯ ದಂಡೆಯ ಕೆಂಪು ಬಂಡೆಯನ್ನು ಕೊರೆದು ಮಾಡಿದ ತಂಪುಕೇರಿಯಲ್ಲಿ ನನ್ನ ವಾಸ. ತಂಪುಕೇರಿ ಎಂದರೆ ನೆಲದೊಳಗಿನ ಬೀದಿ. ಮೇಲೆ ಕಲ್ಲಿನ ಮುಚ್ಚಳಗಳಿವೆ. ಬೆಳಿಗ್ಗೆ ರಾಟೆಯಿಂದ ಎತ್ತುತ್ತೇವೆ, ಬಿಸಿಲೇರಿದಾಗ ಇಳಿಸುತ್ತೇವೆ. ಮುಚ್ಚಳ ಇಳಿದಿರುವ ಆ ನಡುಹಗಲಿಗೆ ಮುಚ್ಚುಹೊತ್ತು ಎಂದು ಹೆಸರು. ಆಗ ಹೆಂಗಸರು ಗಂಡಸರೆನ್ನದೆ ಎಲ್ಲರೂ ಒದ್ದೆ ಗೋಣಿಯ ಮೇಲೆ ಅಡ್ಡಾಗಿ ಅವರಿವರ ಮನೆಯ ವಿಷಯ ಮಾತಾಡುತ್ತಾರೆ. ನಾನು ಮಾತ್ರ ಇವತ್ತು ಗೋಡೆಗೆ ಮುಖ ಮಾಡಿ ಕೂತು ಇದನ್ನು ಬರೆಯುತ್ತಿದ್ದೇನೆ. ಯಾಕೆಂದರೆ ನನ್ನ ಹೊಟ್ಟೆಯೊಳಗೆ ಕಿಚ್ಚು ಬಿದ್ದಿದೆ, ಮತ್ತು ಅದನ್ನು ಹಚ್ಚಿದವಳು ಪಕ್ಕದ ಮನೆಯಲ್ಲೇ ಇದ್ದಾಳೆ: ನನ್ನ ಒಡಹುಟ್ಟಿದ ತಂಗಿ ನಿಂಬೆವ್ವ.

ನಮ್ಮಿಬ್ಬರನ್ನು ಸಾಕಿದವಳು ಸೋದರತ್ತೆ ಹಂಪವ್ವ. ತಂದೆತಾಯಿ ತೀರಿಕೊಂಡಾಗ ನನಗೆ ಆರು ವರ್ಷ, ನಿಂಬೆವ್ವನಿಗೆ ನಾಲ್ಕು. ಅತ್ತೆ ನಮ್ಮ ನಾಟಕ ಕಂಪನಿಯಲ್ಲಿ ಉಡುಪು ಹೊಲಿಯುತ್ತಿದ್ದಳು. ರಾಜರು, ರಾಕ್ಷಸರು, ಅಪ್ಸರೆಯರು ಎಲ್ಲರೂ ಅವಳ ಮುಂದೆ ಅಳತೆ ಕೊಡಲು ಕೈ ಚಾಚಿ ನಿಲ್ಲಬೇಕಿತ್ತು. ಆಕೆ ಹೋಗಿ ಹದಿಮೂರು ತಿಂಗಳಾಯಿತು. ಈಗ ಅವಳ ಗಡಿಗೆಯ ಕಾಲ.

ಗಡಿಗೆಯ ವಿಷಯ ನಿಮಗೆ ಹೇಳಬೇಕು. ನಮ್ಮಲ್ಲಿ ಸತ್ತವರ ಚಿತ್ರಗಳಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲಕ್ಕೇ ನಿಜವಾದ ಚಿತ್ರ ಯಾವುದು, ಕಟ್ಟಿದ ಚಿತ್ರ ಯಾವುದು ಎಂದು ಯಾರಿಗೂ ತಿಳಿಯದಾಗಿ, ಸತ್ತ ಅಜ್ಜಂದಿರು ತಾವು ಎಂದೂ ಕಾಣದ ಊರುಗಳಲ್ಲಿ ಕುಣಿಯತೊಡಗಿದರಂತೆ. ನಮ್ಮ ಹಿರಿಯರು ಬೇಸತ್ತು ಎಲ್ಲವನ್ನೂ ಬಿಟ್ಟರು. ಬದಲಿಗೆ ಒಂದು ಹಸಿಮಣ್ಣಿನ ಗಡಿಗೆ ತಂದರು. ಅದರ ಒಳಮೈಯ ಲೇಪದಲ್ಲಿ ದನಿ ಗೆರೆಯಾಗಿ ಇಳಿಯುತ್ತದೆ. ಸುಟ್ಟ ಮೇಲೆ ಬಾಯಿಗೆ ಕಿವಿಯಿಟ್ಟರೆ ಮರಳಿ ಕೇಳುತ್ತದೆ. ಮೂರು ದಿನ ಬಂಧುಬಳಗ ಕೂಡಿ, ಹೋದವರ ಬಗ್ಗೆ ತಮಗೆ ನೆನಪಿರುವುದನ್ನು ಹೇಳುತ್ತದೆ. ಆದರೆ ಹೇಳಿದ್ದೆಲ್ಲ ಒಳಗೆ ಹೋಗುವುದಿಲ್ಲ. ಗಡಿಗೆ ಕಾಯುವ ಕಲ್ಲವ್ವ ಎದ್ದುನಿಂತು ಸಭೆಯನ್ನು ಕೇಳುತ್ತಾಳೆ: “ಹೌದು ಅನ್ನೋರು ಅದೀರೇನು?” ತಾನೂ ಅದನ್ನು ಕಂಡಿದ್ದೇನೆಂದು ಒಬ್ಬರಾದರೂ ‘ಹೌದು’ ಎನ್ನಬೇಕು. ಹಾಗೆ ಯಾರಾದರೂ ಅಂದರೆ ಮಾತು ಗಡಿಗೆಗೆ ಸೇರುತ್ತದೆ, ಹೇಳಿದವರ ಹೆಸರನ್ನು ಅದರ ಕೊರಳಲ್ಲಿ ಗೀರುತ್ತಾರೆ. ಮೂರನೆಯ ದಿನ ಮಧ್ಯಾಹ್ನಕ್ಕೆ ಬಾಯಿ ಮುಚ್ಚಿ ಸುಡಲು ಕುಂಬಾರರ ಆವಿಗೆಗೆ ಇಡುತ್ತಾರೆ. ಕೊರಳಲ್ಲಿ ಹೆಸರಿಲ್ಲದವನು ಅವಳಿಗೆ ಏನೂ ಆಗಿರಲಿಲ್ಲ ಎಂದೇ ಮುಂದಿನವರು ತಿಳಿಯುತ್ತಾರೆ.

ನಿನ್ನೆ ಮೊದಲನೆಯ ದಿನ. ಮೊದಲು ಎದ್ದವನು ನಾನು! ಜರಿಯ ಶಲ್ಯ ಹೊದ್ದು ನಡುವೆ ನಿಂತೆ. ಒಮ್ಮೆ ನಾಟಕದ ನಡುವೆ ಮಹಾಗಾಳಿ ಎದ್ದು ರಂಗದ ನಡುಗಂಬ ಲಟಲಟನೆ ಮುರಿದದ್ದು, ಹಂಪವ್ವತ್ತೆ ಸೆರಗು ಬಿಗಿದು ಬಂದು ಕಂಬಕ್ಕೆ ಹೆಗಲು ಕೊಟ್ಟದ್ದು, ಮೂರು ಅಂಕ ಮುಗಿದು ಮಂಗಳ ಹಾಡುವ ತನಕ ಅಲುಗದೆ ನಿಂತದ್ದು, ಎಲ್ಲವನ್ನೂ ಹೇಳಿದೆ. ಏನು ಚಪ್ಪಾಳೆ! ಮುದುಕರು ಕಣ್ಣೊರೆಸಿಕೊಂಡರು. ಯಾರೋ ಒನ್ಸ್ ಮೋರ್ ಎಂದು ಕೂಗಿದರು. ನಾನು ಬಾಗಿ ವಂದಿಸಿ ಕಲ್ಲವ್ವನ ಕಡೆ ನೋಡಿದೆ. ಅವಳು ಕೇಳಿದಳು. ಒಂದು ‘ಹೌದು’ ಕೂಡ ಬರಲಿಲ್ಲ. ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಆ ದಿನ ನಾಟಕದ ಡೇರೆಯೊಳಗೆ ಇದ್ದವಳು ನಿಂಬೆವ್ವ ಒಬ್ಬಳೇ, ಮತ್ತು ನಿಂಬೆವ್ವ ತನ್ನ ಕಾಲ್ಬೆರಳ ಉಂಗುರ ತಿರುಗಿಸುತ್ತ ಕೂತಿದ್ದಳು. “ಚಪ್ಪಾಳಿ ಒಳಗ ಇಳಿಯಂಗಿಲ್ಲ, ಮುರಿಗೆಪ್ಪ,” ಎಂದಳು ಕಲ್ಲವ್ವ.

ಇವತ್ತು ಬೆಳಿಗ್ಗೆ ನಿಂಬೆವ್ವ ಎದ್ದಳು. ಎದ್ದಳು ಎನ್ನುವುದೂ ಹೆಚ್ಚಾಯಿತು. ಕೂತಲ್ಲೇ ಗೋಡೆಗೆ ಒರಗಿ ಹೇಳಿದಳು. ಅತ್ತೆ ಹೊಲಿಯುತ್ತ ಹೊಲಿಯುತ್ತ ಸೂಜಿಯನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ಆಮೇಲೆ ಮರೆತು ಇಡೀ ಮನೆ ಹುಡುಕುತ್ತಿದ್ದಳು, “ನನ್ನ ಸೂಜಿ ಕಂಡೀರೇನ್ರೋ? ಯಾವ ಕಳ್ಳ ಒಯ್ದಾನ?” ಎಂದು ಬೈಯುತ್ತಿದ್ದಳು, ಅಷ್ಟೆ. ಮುಗಿಯಿತು. ಪದ್ಯವಿಲ್ಲ, ಪ್ರವೇಶವಿಲ್ಲ, ನಿಷ್ಕ್ರಮಣವಿಲ್ಲ. ಕಲ್ಲವ್ವ ಕೇಳುವ ಮೊದಲೇ ಮೂಲೆಮೂಲೆಯಿಂದ ‘ಹೌದು! ಹೌದು!’ ಎಂದು ಎದ್ದಿತು. ಒಂಬತ್ತು ಕಂಠಗಳನ್ನು ನಾನೇ ಎಣಿಸಿದೆ. ಜನ ನಗುತ್ತ ಅಳುತ್ತಿದ್ದರು. ನಮ್ಮ ಕಂಪನಿಯ ಯಾವ ನಾಟಕದಲ್ಲೂ ನಾನು ಅಂಥ ನಗುವನ್ನು ಪಡೆದವನಲ್ಲ. ನಿಂಬೆವ್ವ ಎಂಬ ಮೂರಕ್ಷರ ಗಡಿಗೆಯ ಕೊರಳಲ್ಲಿ ಇಳಿಯುವುದನ್ನು ನೋಡುತ್ತ ಹಲ್ಲು ಕಚ್ಚಿ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ: ಆ ಗಡಿಗೆ ಅಲ್ಲೇ ಉರುಳಿ ಒಡೆಯಲಿ ಎಂದು ಹಾರೈಸಿದೆ.

ಮುಚ್ಚಳ ಇಳಿಯುವ ಮೊದಲು ಅವಳ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದಳು. ಕಂಬದ ವಿಷಯಕ್ಕೆ ಒಂದು ಹೌದು ಅನ್ನಲು ನಿನ್ನ ನಾಲಿಗೆಗೆ ಏನಾಗಿತ್ತು ಎಂದು ಗುಡುಗಿದೆ. ಅವಳು ತಲೆ ಎತ್ತಲಿಲ್ಲ.

“ಅಣ್ಣಾ, ಮೊದಲ ನೀ ಹೇಳಿದಾಗ ಅತ್ತಿ ಕಂಬಕ್ಕ ಬರೇ ಕೈ ಹಚ್ಚಿದ್ಲು. ಮರುವರ್ಷ ಹೆಗಲಾ ಕೊಟ್ಲು. ನಿನ್ನೆ ಮೂರು ಅಂಕ ಹೊತ್ಕೊಂಡು ನಿಂತ್ಲು. ಇನ್ನೆರಡು ವರ್ಷ ಬಿಟ್ರ ಗುಡ್ಡಾನ ಎತ್ತತಾಳ ನೋಡು.”

“ಹಂಗಾರ ಖರೇ ಏನಾಗಿತ್ತು?”

“ಕಂಬ ಬೀಳತೈತಿ, ಓಡ್ರೋ ಅಂತ ಒದರಿ, ಎಲ್ಲಾರಕ್ಕಿಂತ ಮುಂದ ಅತ್ತಿನ ಓಡಿದ್ಲು. ಚಪ್ಪಲಿ ಸುದ್ದಾ ಬಿಟ್ಟು.”

ಆ ಓಟ ನನಗೆ ನೆನಪಿಲ್ಲ! ನಾನೂ ಅಲ್ಲಿದ್ದೆ, ಆದರೆ ನನ್ನ ಕಣ್ಣ ಮುಂದಿರುವುದು ಹೆಗಲು ಕೊಟ್ಟು ನಿಂತ ಅತ್ತೆ ಮಾತ್ರ. ಮೂವತ್ತು ವರ್ಷ ಊರೂರಲ್ಲಿ ಅವಳನ್ನು ಹೇಳಿ ಹೇಳಿ, ಪ್ರತಿ ಊರಲ್ಲೂ ಒಂದೊಂದು ಬಣ್ಣ ಬಳಿದು, ಒಳಗಿನ ಮುಖವನ್ನು ನಾನೇ ಮುಚ್ಚಿಬಿಟ್ಟಿದ್ದೇನೆ. ನಿಂಬೆವ್ವ ಯಾರಿಗೂ ಏನೂ ಹೇಳದೆ ಇದ್ದಳು. ಆದ್ದರಿಂದ ಅವಳ ಅತ್ತೆ ಇನ್ನೂ ಇದ್ದಾಳೆ, ಚಪ್ಪಲಿ ಬಿಟ್ಟು ಓಡುತ್ತಿದ್ದಾಳೆ. ಕಡೆಗೆ ಅಂಗಲಾಚಿದೆ. ನಿನ್ನ ಬಳಿ ಅಷ್ಟು ನೆನಪುಗಳಿವೆಯಲ್ಲ, ಒಂದನ್ನು ಕೊಡು, ನಾಳೆ ನಾನು ಹೇಳುತ್ತೇನೆ, ನೀನು ಹೌದೆನ್ನು ಎಂದೆ.

“ಸೆರಗಿನಾಗ ಕಟ್ಟಿದ ಪುಟಾಣಿ ಕಡ್ಲಿ ಏನು, ಹಿಡಿ ತುಂಬಿ ಕೊಡಾಕ? ಕೊಟ್ರೂ ನೀ ಅದಕ್ಕ ಕಿರೀಟ ಇಡ್ತಿ. ಹೋಗಣ್ಣಾ, ರೊಟ್ಟಿ ಹೊತ್ತತೈತಿ.”

ನಿಮ್ಮ ಮೇಲೂ ನನಗೆ ಹೊಟ್ಟೆಕಿಚ್ಚಿದೆ, ಮಹಾಜನರೇ, ಮುಚ್ಚಿಡುವುದಿಲ್ಲ. ನೀವು ಇದನ್ನು ಓದುತ್ತಿರುವಾಗ ನಿಮ್ಮ ಅತ್ತೆಯೋ ಚಿಕ್ಕಪ್ಪನೋ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರಬಹುದು. ಎದ್ದು ಹೋಗಿ ನೋಡಿದರೆ ಸಿಗುತ್ತಾರೆ! ಯಾರ ಹೌದೂ ಬೇಕಿಲ್ಲ. ಎಷ್ಟು ಸಿರಿವಂತರು ನೀವು, ಎಷ್ಟು ನಿಶ್ಚಿಂತರು! ನನ್ನದೊಂದು ಬೇಡಿಕೆ: ನೋಡಲು ಹೋಗುವಾಗ ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಜಗಳವಾಡಿದ ತಂಗಿಯಾದರೂ ಸರಿ. ಒಬ್ಬರ ಕಣ್ಣಿಗೆ ಮಾತ್ರ ಬಿದ್ದದ್ದು ಬಲು ಬೇಗ ಬೆಳೆಯುತ್ತದೆ.

ಈ ಮುಚ್ಚುಹೊತ್ತಿನಲ್ಲಿ ನಾನು ನನ್ನ ತಲೆಯ ಪೆಟ್ಟಿಗೆಯನ್ನೆಲ್ಲ ಕೆದಕಿದೆ. ರಂಗಕ್ಕೆ ತಾರದೆ ಬಿಟ್ಟ ಒಂದೇ ಒಂದು ನೆನಪು ಸಿಕ್ಕಿತು. ತಾರದ ಕಾರಣ, ಅದರಲ್ಲಿ ನಾಯಕ ನಾನಲ್ಲ, ಕಳ್ಳ ನಾನು. ನನಗಾಗ ಒಂಬತ್ತು ವರ್ಷ. ದಿನಾ ಬೆಳಿಗ್ಗೆ ಅತ್ತೆ ನಿಂಬೆವ್ವನನ್ನು ಮೊಣಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಬಾಲಕೃಷ್ಣನ ವೇಷದ ಕೂದಲಿನ ಟೋಪನ್ ಜಾರದಿರಲೆಂದು ನನ್ನ ತಲೆಯನ್ನು ನುಣ್ಣಗೆ ಬೋಳಿಸಿದ್ದರು. ನನಗೆ ಬಾಚುವ ಮಾತೇ ಇರಲಿಲ್ಲ. ತಡೆಯಲಾಗದೆ ಅವರ ಬಾಚಣಿಗೆಯನ್ನು ಕದ್ದು ಭೀಮನ ಗದೆಯೊಳಗೆ ತುರುಕಿದೆ. ಅಂದು ಭೀಮ ಗದೆ ಎತ್ತಿದಾಗ ಅದು ಗಲಗಲ ಎಂದು, ಇಡೀ ಸಭೆ... ಇಲ್ಲ. ತಡೆಯಿರಿ. ಗದೆ ಈಗ ತಾನೇ ನಾನು ಸೇರಿಸಿದ್ದು. ಬಾಚಣಿಗೆಯನ್ನು ಜೋಳದ ಚೀಲದ ಹಿಂದೆ ಇಟ್ಟೆ. ಅಷ್ಟೆ.

ಅತ್ತೆ ಹುಡುಕಿದಳು, ಸಿಗಲಿಲ್ಲ, ಬೆರಳಿನಿಂದಲೇ ಬಾಚತೊಡಗಿದಳು. ಕೆಲವು ದಿನ ಹೀಗೇ ನಡೆಯಿತು. ಎಂಟು ದಿನ ಎಂದು ಬರೆಯಲು ಕೈ ತುಡಿಯುತ್ತಿದೆ, ಎಷ್ಟೆಂದು ಗೊತ್ತಿಲ್ಲ. ಒಂದು ಬೆಳಿಗ್ಗೆ ನಿಂಬೆವ್ವನ ಜಡೆ ಮುಗಿಸಿ ಅವಳನ್ನು ಎಬ್ಬಿಸಿ, ನನ್ನನ್ನು ಕರೆದು ಅದೇ ಮೊಣಕಾಲ ನಡುವೆ ಕೂರಿಸಿಕೊಂಡು, ನನ್ನ ಬೋಳುತಲೆಯ ಮೇಲೆ ಹತ್ತೂ ಬೆರಳು ಆಡಿಸಿದಳು. ಬೈತಲೆ ತೆಗೆದಳು. ಇಲ್ಲದ ಸಿಕ್ಕು ಬಿಡಿಸಿದಳು. “ಎಷ್ಟು ಗಂಟು ಹಾಕ್ಕೊಂಡೀಯೋ,” ಎಂದಳು. ಕದ್ದದ್ದು ಅವಳಿಗೆ ಗೊತ್ತಿತ್ತೋ ಇಲ್ಲವೋ ತಿಳಿಯದು. ರಂಗದ ಮೇಲಾಗಿದ್ದರೆ ಗೊತ್ತಿತ್ತು ಎನ್ನುತ್ತಿದ್ದೆ. ನಿಂಬೆವ್ವ ಬಾಗಿಲಲ್ಲಿ ನಿಂತಿದ್ದಳು. ನಮ್ಮನ್ನು ನೋಡುತ್ತಿದ್ದಳೋ, ಬೀದಿಯ ಕಡೆ ನೋಡುತ್ತಿದ್ದಳೋ! ಅವಳಿಗೆ ಏಳು ವರ್ಷ. ಅವಳ ಹೊರತು ಅಲ್ಲಿ ಇನ್ನಾರೂ ಇರಲಿಲ್ಲ.

ಮುಚ್ಚಳಗಳ ರಾಟೆ ಕಿರುಗುಟ್ಟುತ್ತಿದೆ, ಬಿಸಿಲು ಇಳಿಯಿತು. ಬರುತ್ತೇನೆ, ಮಹಾಜನರೇ. ನಾಳೆ ಬೆಳಿಗ್ಗೆ ಮೊದಲ ಮುಚ್ಚಳ ಎತ್ತುವ ಹೊತ್ತಿಗೆ ಶಲ್ಯವನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಎದ್ದು ನಿಲ್ಲುವುದಿಲ್ಲ. ಸಭೆಯ ಕಡೆಗಲ್ಲ, ನನ್ನ ತಂಗಿಯ ಕಡೆಗೆ ತಿರುಗಿ ಕೂತು, ನಿನ್ನ ಬಾಚಣಿಗೆ ಕದ್ದವನು ನಾನು ಎಂದು ಮೆಲ್ಲಗೆ ಶುರುಮಾಡುತ್ತೇನೆ. ಮುಗಿಸಿದ ಮೇಲೆ ಒಂದು ಮಾತನ್ನೂ ಸೇರಿಸದೆ ಅವಳ ಬಾಯಿಯನ್ನೇ ನೋಡುತ್ತ ಕಾಯುತ್ತೇನೆ.