ಮಕ್ಕಳ ಹೆಸರಿನ ಕಾಲಂ

ಜನವರಿ 6, ಸೋಮವಾರ

ಔರಾದ್‌ನಿಂದ ಮತ್ತೆ ಹದಿನಾಲ್ಕು ಫಾರ್ಮ್ ಬಂದವು. ಅಕ್ಷರವೋ, ಕೋಳಿ ಕೆದರಿದ್ದೋ. ಹತ್ತೊಂಬತ್ತಕ್ಕೆ ಭಾಲ್ಕಿಯಲ್ಲಿ ನಮ್ಮ ಸಮಾಜದ ವಧು-ವರ ಸಮಾವೇಶ. ಎಲ್ಲರ ವಿವರ ಗೋಡೆಯ ಮೇಲೆ ಕಾಣಬೇಕಂತೆ. ಒಂದು ಸ್ಲೈಡಿಗೆ ಒಂದು ಟೇಬಲ್, ಐದು ಜನರಿಗೆ ಐದು ಸಾಲು. ಕಾಲಂಗಳು: ಹೆಸರು, ಊರು, ಎತ್ತರ, ಓದು, ಕೆಲಸ. ಬೀದರಿನಲ್ಲಿ ಇಷ್ಟೊಂದು ಕಂಪ್ಯೂಟರ್ ಸೆಂಟರ್ ಇದ್ದರೂ ಮೈಲೂರಿನ ನನ್ನ ಅಂಗಡಿಯೇ ಬೇಕಿತ್ತೇ? ಡೈವೋರ್ಸ್ ಆದವಳ ಕೈಯಲ್ಲಿ ಮದುವೆಯ ಟೇಬಲ್. ನಗು ಬಂತು.

ಸಂಘಟಕ ವಸಂತ ಕಾಕಾ ಕುರ್ಚಿ ಎಳೆದು ಕುಳಿತರು. ಕಂಪ್ಯೂಟರ್ ಗೊತ್ತಿಲ್ಲ, ಸಲಹೆಗೆ ಬರವಿಲ್ಲ.

"ಮಂಜಿರಿ, ಎರಡನೇ ಸಂಬಂಧದೋರ್ದು ಬ್ಯಾರೆ ಟೇಬಲ್ ಮಾಡವ್ವ. ಒಂದ್ ಕಾಲಂ ಜಾಸ್ತಿ ಇರ್ಲಿ — ಮಕ್ಕಳ ಹೆಸರು."

"ಬಣ್ಣ ಯಾವ್ದ್ರಿ ಕಾಕಾ?"

"ಬಿಳಿನೇ ಇರ್ಲಿ. ಕಣ್ಣಿಗಿ ಹೊಡೀಬಾರ್ದು." ಹೋಗುವಾಗ ಬಾಗಿಲಲ್ಲಿ ನಿಂತರು. "ನಿನ್ನ ಹೆಸರೂ ಒಂದ್ ಸಾಲ್ನಾಗ ಹಾಕ್ಕೋಬಾರ್ದೇನವ್ವ?"

ಕೇಳಿಸದವಳ ಹಾಗೆ ಪ್ರಿಂಟರ್ ಆನ್ ಮಾಡಿದೆ.

ಜನವರಿ 9, ಗುರುವಾರ. ಮಧ್ಯಾಹ್ನ 3

ಭಾಲ್ಕಿಯ ಫಾರ್ಮ್‌ಗಳು ವಾಟ್ಸಾಪ್‌ನಲ್ಲಿ ಬಂದವು. ಏಳನೆಯದು ಪ್ರಥಮೇಶನದು.

ನನ್ನ ಗಂಡ. ಆಗಿದ್ದವನು. ಕಾಕಾಗೆ ಇದು ಗೊತ್ತಿಲ್ಲ.

ಫೋಟೋದಲ್ಲಿ ಗಡ್ಡ ಬಿಟ್ಟಿದ್ದಾನೆ. ಸ್ವಂತ ಬೀಜದ ಅಂಗಡಿ. ಎತ್ತರ ಐದಡಿ ಎಂಟಿಂಚು — ಸುಳ್ಳು, ಏಳೇ. ಮಕ್ಕಳ ಹೆಸರು: ಇಲ್ಲ.

ಅವನದೇ ಅಕ್ಷರ. ಎಷ್ಟು ಸಲೀಸಾಗಿ ಬರೆದಿದ್ದಾನೆ!

ಟೈಪ್ ಮಾಡಲು ಆಗಲಿಲ್ಲ. ಅಂಗಡಿಯ ಬಾಗಿಲು ಹಾಕಿ ಮನೆಗೆ ಬಂದೆ.

ಜನವರಿ 10

ಹನ್ನೊಂದು ದಿನ ಇದ್ದಳು ನಮ್ಮ ಮಗಳು. ಹನ್ನೆರಡನೆಯ ದಿನ ತೊಟ್ಟಿಲ ಶಾಸ್ತ್ರ. ಔರಾದ್‌ನ ತವರಿನಲ್ಲಿ ತೊಟ್ಟಿಲಿಗೆ ಹೂ ಕಟ್ಟಿಯಾಗಿತ್ತು. ಅವನ ಅಕ್ಕ ಬಂದು ಕಿವಿಯಲ್ಲಿ ಹೆಸರು ಹೇಳಬೇಕಿತ್ತು. ಹಿಂದಿನ ದಿನ ಸಂಜೆಯೇ ಮಗಳು ಹೋಗಿಬಿಟ್ಟಳು. ಹೆಸರಿಲ್ಲದ್ದು ಅಂತ ಯಾರೂ ಹೆಸರು ಹಿಡಿದು ಅಳಲಿಲ್ಲ. "ಕೂಸು ಹೋಯ್ತು" ಅಂದರು, ಅಷ್ಟೇ.

ಆದರೆ ನಾನು ಮೂರನೆಯ ದಿನವೇ ಹಾಲು ಕುಡಿಸುತ್ತಾ ಕಿವಿಯಲ್ಲಿ ಹೇಳಿಬಿಟ್ಟಿದ್ದೆ — ಸ್ನೇಹಲ. ತಡೆಯಲಾಗಲಿಲ್ಲ. ಶಾಸ್ತ್ರಕ್ಕೆ ಮೊದಲೇ ಹೆಸರಿಟ್ಟಿದ್ದಕ್ಕೇ ಹೋದಳೇನೋ... ಆ ಹೆದರಿಕೆಗೆ ಯಾರಿಗೂ ಹೇಳಲಿಲ್ಲ. ಅವನಿಗೂ. ಹೇಳದ ಮಾತು ಒಂದಿದ್ದರೆ ಉಳಿದ ಮಾತೂ ಬರುವುದಿಲ್ಲ. ಒಂದು ವರ್ಷ ಒಂದೇ ಮನೆಯಲ್ಲಿ ಮೂಕರ ಹಾಗೆ ಇದ್ದೆವು. ಆಮೇಲೆ ಕೋರ್ಟು.

ಜನವರಿ 13

ಟೇಬಲ್ ಮುಗಿಯಿತು. ಅವನ ಸಾಲಿನ ಕೊನೆಯ ಸೆಲ್‌ನಲ್ಲಿ "ಇಲ್ಲ" ಹೊಡೆದೆ. ಅಳಿಸಿದೆ. ಮತ್ತೆ ಹೊಡೆದೆ. ಮತ್ತೆ ಅಳಿಸಿ "ಸ್ನೇಹಲ" ಎಂದು ಬರೆದು, ಅಕ್ಷರಕ್ಕೂ ಬಿಳಿ ಬಣ್ಣ ಕೊಟ್ಟೆ. ಬಿಳಿ ಸೆಲ್, ಬಿಳಿ ಅಕ್ಷರ. ಖಾಲಿ ಕಾಣುತ್ತದೆ. ಜನ "ಇಲ್ಲ" ಅಂತಲೇ ಓದಿಕೊಳ್ಳಲಿ. ಅವನ ಮದುವೆಗೆ ನನ್ನ ಅಡ್ಡಿಯಿಲ್ಲ, ಆಗಲಿ ಪಾಪ. ಆದರೆ ಅವಳು ಇಲ್ಲ ಎಂದು ನನ್ನ ಕೈಯಿಂದ ಬರೆಯಲಾರೆ.

ಜನವರಿ 19, ರವಿವಾರ. ಭಾಲ್ಕಿ. ಸಂಜೆ 5

ಹಾಲ್‌ನ ಹಿಂದಿನ ಮೆಟ್ಟಿಲ ಮೇಲೆ ಕುಳಿತಿದ್ದೇನೆ.

ಊಟಕ್ಕೆ ಹೋಗುವಾಗ ಲ್ಯಾಪ್‌ಟಾಪನ್ನು ಪ್ರೊಜೆಕ್ಟರ್‌ನ ಚಾಂದ ಪಾಶಾ ಅವರ ಹತ್ತಿರ ಬಿಟ್ಟಿದ್ದೆ. ಒಳ್ಳೆಯ ಮನುಷ್ಯ. ನಾನು ಬರುವಷ್ಟರಲ್ಲಿ ಸ್ಲೈಡ್‌ಗಳು ಶುರುವಾಗಿದ್ದವು.

"ಬಿಳಿ ಟೇಬಲ್ ಕಾಣಸ್ತಿರ್ಲಿಲ್ರಿ ಮೇಡಂ, ಕಿಡಕಿ ಬೆಳಕು ಭಾಳ. ಒಂದೊಂದಕ್ಕೂ ಸ್ಟೈಲ್ ಬದಲಿ ಮಾಡೀನಿ. ಕರೀದು. ಈಗ ನೋಡ್ರಿ, ಏಕದಂ ಸಾಫ್!"

ಮೌಸಿಗೆ ಕೈ ಹಾಕುವಷ್ಟರಲ್ಲಿ ಗೋಡೆಯ ಮೇಲೆ ಪ್ರಥಮೇಶನ ಸಾಲು. ಕರಿ ಟೇಬಲ್‌ನಲ್ಲಿ ಎಲ್ಲ ಅಕ್ಷರವೂ ಬಿಳಿ. ನಾನು ಬಚ್ಚಿಟ್ಟಿದ್ದೂ.

ಕಾಕಾ ಮೈಕಿನಲ್ಲಿ ಓದುತ್ತಾ ಬಂದರು. "...ಬೀಜದ ಅಂಗಡಿ. ಮಕ್ಕಳ ಹೆಸರು, ಸ್ನೇಹಲ." ನಿಲ್ಲಿಸಿದರು. "ಮಕ್ಕಳಿಲ್ಲ ಅಂದಿದ್ದಿಯಲ್ಲಪಾ ಪ್ರಥಮೇಶ? ಇದ್ಯಾರು?"

ಅವನನ್ನು ನೋಡಲು ಬಂದಿದ್ದ ಹುಡುಗಿಯ ಕಡೆಯವರು ಹಿಂತಿರುಗಿ ನೋಡಿದರು. ಅವನು ಎದ್ದ. ಗೋಡೆಯನ್ನು ನೋಡಿದ. ಆಮೇಲೆ ನನ್ನನ್ನು. ಟೈಪಿಂಗ್ ತಪ್ಪು ಅಂದಿದ್ದರೆ ಸಾಕಿತ್ತು. ನಾನೂ ಹೂಂ ಅನ್ನುತ್ತಿದ್ದೆ.

"ನನ್ನ ಮಗಳ್ರಿ," ಅಂದ. "ಹನ್ನೊಂದು ದಿನ ಇದ್ಲು."

ಹುಡುಗಿಯ ತಂದೆ ಚಪ್ಪಲಿ ಹುಡುಕಿಕೊಂಡು ಹೊರಟರು.

ಅದೇ ದಿನ, 6.30

ಇಲ್ಲಿಗೇ ಬಂದ. ಎರಡು ಮೆಟ್ಟಿಲು ಕೆಳಗೆ ಕುಳಿತ. ಬೈಯಲಿ ಎಂದು ಕಾದೆ.

"ಹೆಸರ ಯಾವಾಗ ಇಟ್ಟಿದಿ?"

"ಮೂರನೇ ದಿನರಿ." ಬಾಯಲ್ಲಿ ಇನ್ನೂ ರೀ ಬರುತ್ತದೆ.

"ನನಗ ಯಾಕ ಹೇಳ್ಲಿಲ್ಲ ಮಂಜು?"

"ನೀವ್ಯಾಕ ಇಲ್ಲ ಅಂತ ಬರದ್ರಿ?"

"ಹೆಸರ ಕೇಳಿದ್ರು. ಏನಂತ ಬರೀಲಿ? ಐದು ವರ್ಷ ಆತು, ಕೂಸು ಕೂಸು ಅಂತ ಅತ್ತೀನಿ. ಕರಿಯಾಕ ಒಂದ್ ಹೆಸರ ಇರ್ಲಿಲ್ಲ ನನಗ."

ಅವನು ಅತ್ತೇ ಇಲ್ಲ ಎಂದುಕೊಂಡಿದ್ದೆ. ಅದಕ್ಕೇ ಬಿಟ್ಟು ಬಂದಿದ್ದೆ.

ಕತ್ತು ಬಗ್ಗಿಸಿ ಅವನು ಮೆಲ್ಲಗೆ ಒಂದು ಸಲ ಆ ಹೆಸರು ಹೇಳಿದ. ಎದ್ದು ಹೋದ. ಕರೆಯಲಿಲ್ಲ ನಾನು. ಯಾವ ಬಾಯಿಂದ ಕರೆಯಲಿ?

ಜನವರಿ 21

ಕಾಕಾ ಫೋನ್. "ಆ ಪ್ರಥಮೇಶ ತನ್ನ ಹೆಸರು ವಾಪಸ್ ತಗೊಂಡಾನವ್ವ. ಅವನ ಸಾಲು ತಗದು ಫೈಲ್ ಕಳಸು."

ಸಾಲು ತೆಗೆದರೆ ಅವಳೂ ಹೋಗುತ್ತಾಳೆ. ಹೊಸ ಸ್ಲೈಡ್ ತೆರೆದೆ. ಒಂದು ಟೇಬಲ್, ಮೂರು ಸಾಲು. ಸ್ಟೈಲ್ ಏನೂ ಬೇಡ. ಕರಿ ಅಕ್ಷರ.

ಹೆಸರು: ಸ್ನೇಹಲ.
ತಂದೆ: ಪ್ರಥಮೇಶ.
ತಾಯಿ: