ಗುಬ್ಬಿಯ ಖಾಲಿ ಸ್ಲೇಟು

ಜುಲೈ 8, ಸೋಮವಾರ

ಮತ್ತೆ ಗಂಟಲು ಕಟ್ಟಿದೆ. ಐದನೇ ಕ್ಲಾಸಿಗೆ ಬೆಲೆಯ ಸುಳಿವುಗಳ ಲೆಕ್ಕ. ಪೆನ್ಸಿಲ್ ಎಷ್ಟು, ರಬ್ಬರ್ ಎಷ್ಟು ಎಂದು ನಾನು ಹೇಳುವುದಿಲ್ಲ. ಎರಡು ಸುಳಿವು ಕೊಡುತ್ತೇನೆ, ಮಕ್ಕಳೇ ಕಂಡುಹಿಡಿದು ಸ್ಲೇಟು ಎತ್ತಿ ತೋರಿಸಬೇಕು. ಬೀಜಗಣಿತ ಎಂಬ ಹೆಸರು ಮಾತ್ರ ಎತ್ತುವುದಿಲ್ಲ. ಹೆದರಿಬಿಡುತ್ತವೆ.

ಆ ಕ್ಲಾಸಿನ ಪುಟ್ಟ ಹುಡುಗಿ ಗುಬ್ಬಿ ಇವತ್ತೂ ತುಟಿ ಬಿಚ್ಚಲಿಲ್ಲ. ನಾಳೆ ದೊಡ್ಡ ಮಿಸ್, ಅಂದರೆ ನಮ್ಮ ಮುಖ್ಯೋಪಾಧ್ಯಾಯಿನಿ, ಕ್ಲಾಸಿಗೆ ಬಂದು ಕೂರುತ್ತಾರಂತೆ — ಇವಳನ್ನು ನಿಧಾನದ ಸೆಕ್ಷನ್ನಿಗೆ ಹಾಕಬೇಕೋ ಬೇಡವೋ ನೋಡಲು. ಅಲ್ಲಿಗೆ ಹೋದವರು ವರ್ಷವಿಡೀ ಮಗ್ಗಿ ಬರೆಯುತ್ತಾರೆ, ಅಷ್ಟೇ.

ಜುಲೈ 9

ಸುಸ್ತು. ಬೋರ್ಡಿನ ಮೇಲೆ ಬರೆದೆ: ಒಂದು ಪೆನ್ಸಿಲ್, ಒಂದು ರಬ್ಬರ್ ಸೇರಿ ಒಂಬತ್ತು ರೂಪಾಯಿ. ಎರಡು ಪೆನ್ಸಿಲ್, ಎರಡು ರಬ್ಬರ್ ಸೇರಿ ಹದಿನೆಂಟು.

"ಎತ್ತಿ!"

ಪೆನ್ಸಿಲ್ 5, ರಬ್ಬರ್ 4. ಮುಂದಿನ ಬೆಂಚಿನ ಪಂಡಿತ ಬರೆದದ್ದೇ ಕೊನೆಯ ಬೆಂಚಿನ ತನಕ ಹರಿದಿತ್ತು. ಗುಬ್ಬಿಯದು ಖಾಲಿ. ದೊಡ್ಡ ಮಿಸ್ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಬೆಲ್ ಆದಮೇಲೆ ಕೇಳಿದೆ, "ಏನಾದ್ರೂ ಬರೀಬಾರದಿತ್ತೇನೇ?"

"ಎರಡನೇ ಸುಳಿವು ಮೊದಲನೇದೇ ಅಲ್ವಾ ಮಿಸ್? ಡಬಲ್ ಮಾಡಿದೀರ ಅಷ್ಟೇ. ಆರು-ಮೂರೂ ಆಗತ್ತೆ. ಏಳು-ಎರಡೂ ಆಗತ್ತೆ."

ಐದು-ನಾಲ್ಕು ಎಂದು ಮನಸ್ಸಿನಲ್ಲಿಟ್ಟುಕೊಂಡೇ ಸುಳಿವು ಬರೆದಿದ್ದೆ. ಬೇರೆ ಉತ್ತರ ನನಗೆ ಕಾಣಲೇ ಇಲ್ಲ.

ದೊಡ್ಡ ಮಿಸ್‌ಗೆ ಹೇಳಬೇಕು. ನಾಳೆ.

ಜುಲೈ 12

ಹೇಳಲಿಲ್ಲ. ಇವತ್ತು ಅವಳ ಜಾಗ ಖಾಲಿ… ನಿಧಾನದ ಸೆಕ್ಷನ್ನಿಗೆ ಕಳಿಸಿಯೇಬಿಟ್ಟಿದ್ದಾರೆ.

"ಹೋಗಿ ಹೇಳೇ, ಒಂದು ಲೆಕ್ಕ ತಪ್ಪಿದ್ರೆ ಕೆಲಸ ಹೋಗತ್ತಾ?" ಎಂದರು ಮನೆಯಲ್ಲಿ ಇವರು. ಇವರಿಗೇನು, ಆರಾಮಾಗಿ ಹೇಳುತ್ತಾರೆ. ನನ್ನ ಮೇಲೆ ನನಗೇ ಸಿಟ್ಟು. ಕಾಲು ಬೇರೆ ಊದಿದೆ.

ಜುಲೈ 15, ಮಧ್ಯಾಹ್ನ, ಸ್ಟಾಫ್ ರೂಮು

ಹೇಳಿದೆ.

"ಇರ್ಲಿ ಬಿಡಿ, ಉಳಿದವರೆಲ್ಲ ಬರೆದ್ರಲ್ಲ" ಎಂದರು ದೊಡ್ಡ ಮಿಸ್.

ತಲೆ ಕೆಟ್ಟಿತು. ಅವೇ ಎರಡು ಸುಳಿವು ಬರೆದು ಒಂದು ಸ್ಲೇಟನ್ನು ಅವರ ಕೈಗೇ ಕೊಟ್ಟೆ. "ನೀವೇ ಬಿಡಿಸಿ ಮೇಡಂ."

ಬರೆದರು — 5, 4.

"ಆರು-ಮೂರು ಯಾಕಾಗಲ್ಲ?"

ಅದರ ಕೆಳಗೆ 6, 3 ಬರೆದು ಕೂಡಿ ನೋಡಿದರು. ಆಮೇಲೆ ಉತ್ತರಗಳನ್ನು ಅಂಗೈಯಿಂದ ಒರೆಸಿ ಗುಬ್ಬಿಯನ್ನು ಕರೆಸಿದರು. ಬ್ಯಾಗು ತಬ್ಬಿಕೊಂಡು ಬಂದಳು.

"ಇದನ್ನ ಬಿಡಿಸೋಕೆ ಇನ್ನೇನು ಬೇಕಿತ್ತಮ್ಮಾ?"

ಗುಬ್ಬಿ ನನ್ನ ಕಡೆ ನೋಡಿದಳು. ಹೊರಗಿದ್ದ ಗುಮಾಸ್ತರೂ ತಲೆಯೆತ್ತುವಷ್ಟು ಗಟ್ಟಿಯಾಗಿ, "ಬೇರೆ ಸುಳಿವು. ಅದನ್ನೇ ಮತ್ತೆ ಹೇಳಿದ್ರೆ ಆಗಲ್ಲ" ಎಂದಳು.

"ಹೋಗು, ನಿನ್ನ ಹಳೇ ಜಾಗದಲ್ಲೇ ಕೂತ್ಕೋ" ಎಂದರು ದೊಡ್ಡ ಮಿಸ್.

ಬೆಲ್ ಆಯಿತು. ಐದನೇ ಕ್ಲಾಸೇ. ಎರಡನೇ ಸುಳಿವನ್ನು ಇವತ್ತು ಅವಳೇ ಬರೆಯಲಿ, ನಾನು ಒಂದು ಗಳಿಗೆ ಕೂತು ನೋಡುತ್ತೇನೆ.